ಬೆಂಗಳೂರಿನ ಹೊಸ ದೊಡ್ಡ ಸ್ಟೇಷನ್: ನಮ್ಮ ಕರಾವಳಿ ಗಾಡಿಗಳ ಗತಿ ಏನು?

ಶಿರವಾಡ ಪ್ಯಾಸೆಂಜರ್, ಕಾರವಾರ

ಬೆಂಗಳೂರಿಗೆ ಇನ್ನೊಂದು ದೊಡ್ಡ ರೈಲು ನಿಲ್ದಾಣ ಬೇಕು ಅನ್ನುವ ಮಾತು ಈಗ ಜೋರಾಗಿದೆ. ದೇವನಹಳ್ಳಿ ಕಡೆ ಪ್ರಯಾಣಿಕರ ಗಾಡಿಗಳಿಗೆ ದೊಡ್ಡ ಕೋಚಿಂಗ್ ಟರ್ಮಿನಲ್ ಕಟ್ಟುವ ಪ್ರಸ್ತಾಪ ಒಂದು ಕಡೆ. ಹೆಬ್ಬಾಳದಲ್ಲಿ ಮೆಟ್ರೋ, ಉಪನಗರ ರೈಲು, ಬಸ್ಸು ಎಲ್ಲವನ್ನೂ ಒಂದೇ ಜಾಗಕ್ಕೆ ತರುವ ಯೋಜನೆ ಇನ್ನೊಂದು ಕಡೆ. ಊರ ಸುತ್ತ 287 ಕಿ.ಮೀ. ಸರ್ಕ್ಯುಲರ್ ರೈಲಿನ ನಕ್ಷೆಯೂ ಓಡಾಡುತ್ತಿದೆ. ಬೆಂಗಳೂರಿನವರು ಅವರ ಲೆಕ್ಕ ಹಾಕುತ್ತಾರೆ, ಹಾಕಲಿ. ಕಾರವಾರದಿಂದ ಭಟ್ಕಳದವರೆಗೆ ಕೂತಿರುವ ನಾವು ಇದರಲ್ಲಿ ಬಾಯಿ ಹಾಕಬೇಕೋ ಬೇಡವೋ?

ಹಾಕಲೇಬೇಕು ಅನ್ನುತ್ತೇನೆ ನಾನು. ಹೊಸ ನಿಲ್ದಾಣ ಎದ್ದ ಕೂಡಲೇ ಮೊದಲು ಅಲ್ಲಿಗೆ ದೂಡುವುದು ದೂರದ ಊರಿನ ಗಾಡಿಗಳನ್ನೇ. ಈಗಲೇ ನೋಡಿ. ಕಾರವಾರದ ರಾತ್ರಿ ಗಾಡಿ ಪಂಚಗಂಗಾ ಹೊರಡುವುದು ಮೆಜೆಸ್ಟಿಕ್‌ನಿಂದ. ಹಗಲು ಗಾಡಿ ಯಶವಂತಪುರದಿಂದ. ಮುರ್ಡೇಶ್ವರದ ಗಾಡಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ಅದೂ ಮೈಸೂರು ಸುತ್ತಿಕೊಂಡು. ಒಂದೇ ಕರಾವಳಿಗೆ ಮೂರು ಗಾಡಿ, ಮೂರು ನಿಲ್ದಾಣ. ಯಾವುದು ಎಲ್ಲಿ ಅಂತ ಮನೆಯ ಹಿರಿಯರಿಗೆ ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗುತ್ತದೆ.

ನಿಲ್ದಾಣ ಊರಾಚೆ ಇದ್ದರೆ ಏನಾಗುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆ ಎಲ್ಲೋ, ಅದು ಎಲ್ಲೋ. ಗೋಕರ್ಣ ರೋಡ್‌ನಲ್ಲಿ ಇಳಿದವರು ದೇವಸ್ಥಾನ ಮುಟ್ಟಬೇಕಾದರೆ ಇನ್ನೂ ಹತ್ತು ಕಿ.ಮೀ. ಹತ್ತಿರ ಹೋಗಬೇಕು. ರಾತ್ರಿ ಇಳಿದರೆ ರಿಕ್ಷಾದವರು ಹೇಳಿದ್ದೇ ದರ. ಇದೇ ಸಂಗತಿ ಬೆಂಗಳೂರಿನಂಥ ಊರಲ್ಲಿ ಹತ್ತು ಪಟ್ಟು ಆಗುತ್ತದೆ, ಅಲ್ವಾ?

ಒಂದು ಅರ್ಜಿ ಬರೆಯೋಣ ಅಂತ ಇದ್ದೇನೆ. ನಮ್ಮ ಗಾಡಿಗಳು ಎಲ್ಲಿಗೆ ಬರಬೇಕು, ಬಂದ ಮೇಲೆ ಅಲ್ಲಿ ಏನೇನಿರಬೇಕು, ಹೇಳಿ.

ಭಟ್ಕಳ ಮಲ್ಲಿಗೆ

ಎಲ್ಲಿ ಬೇಕಾದರೂ ಕಟ್ಟಲಿ ಮಾರಾಯ್ರೆ. ಚೌತಿ ಹೊತ್ತಿಗೆ ಒಂದು ಸೀಟು ಸಿಗಲಿ ಮೊದಲು.

ಹಳೇ ಗಾರ್ಡ್, ಹೊನ್ನಾವರ

ಸೀಟಿಗೂ ನಿಲ್ದಾಣಕ್ಕೂ ನೇರ ಸಂಬಂಧ ಇದೆ ತಂಗಿ. ಹೊಸ ಗಾಡಿ ಕೇಳಿದಾಗೆಲ್ಲ ಬರುವ ಉತ್ತರ ಒಂದೇ: ಬೆಂಗಳೂರಿನಲ್ಲಿ ಪ್ಲಾಟ್‌ಫಾರ್ಮ್ ಇಲ್ಲ, ಪಿಟ್ ಲೈನ್ ಇಲ್ಲ. ಇದು ನೆಪ ಅಂತ ಜನ ತಿಳಿಯುತ್ತಾರೆ. ಪೂರ್ತಿ ನೆಪ ಅಲ್ಲ.

ಮೆಜೆಸ್ಟಿಕ್‌ನಲ್ಲಿ, ಅಂದರೆ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ, ಇರುವುದು 10 ಪ್ಲಾಟ್‌ಫಾರ್ಮ್. ಅಲ್ಲಿಗೆ ಬಂದು ಮುಗಿಯುವ ಗಾಡಿ ಅಂದರೆ ಏನು? ಜನ ಇಳಿಯಬೇಕು, ಸಾಮಾನು ಇಳಿಯಬೇಕು, ಎಂಜಿನ್ ಬಿಚ್ಚಬೇಕು, ಖಾಲಿ ರೇಕನ್ನು, ಅಂದರೆ ಬೋಗಿಗಳ ಇಡೀ ಸಾಲನ್ನು, ಯಾರ್ಡಿಗೆ ಎಳೆದುಕೊಂಡು ಹೋಗಬೇಕು. ಅಲ್ಲಿ ಪಿಟ್ ಲೈನಿನ ಮೇಲೆ ನಿಲ್ಲಿಸಿ ಅಡಿಯಿಂದ ಬ್ರೇಕು, ಸ್ಪ್ರಿಂಗು, ಚಕ್ರ ಎಲ್ಲ ನೋಡುತ್ತಾರೆ. ತೊಳೆಯುತ್ತಾರೆ, ನೀರು ತುಂಬುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಬೇಕು. ಆಮೇಲೆ ಹೊರಡುವ ಮುಂಚೆ ಮತ್ತೆ ಪ್ಲಾಟ್‌ಫಾರ್ಮಿಗೆ ತಂದು ಹಚ್ಚಬೇಕು. ಪ್ರತಿ ಸಲ ಯಾರ್ಡಿಗೆ ಹೋಗಿ ಬರುವಾಗ ಬೇರೆ ಗಾಡಿಗಳ ದಾರಿ ಕತ್ತರಿಸಿಕೊಂಡೇ ಹೋಗಬೇಕು. ಅದೇ ಒಂದು ಗಾಡಿ ಬಂದು ಐದು ಹತ್ತು ನಿಮಿಷ ನಿಂತು ಮುಂದೆ ಹೋಗುವುದಾದರೆ ಅದೇ ಪ್ಲಾಟ್‌ಫಾರ್ಮು ಎಷ್ಟೋ ಗಾಡಿ ಹಿಡಿಯುತ್ತದೆ.

ಬೈಯಪ್ಪನಹಳ್ಳಿ ಟರ್ಮಿನಲ್ ಕಟ್ಟಿದ್ದು ಇದಕ್ಕೇ. 314 ಕೋಟಿ ರೂಪಾಯಿ, 7 ಪ್ಲಾಟ್‌ಫಾರ್ಮ್, ಜೊತೆಗೆ ಪಿಟ್ ಲೈನು. 2022ರ ಜೂನ್‌ನಲ್ಲಿ ಗಾಡಿ ಶುರುವಾಯಿತು. ರೈಲ್ವೆಯ ಲೆಕ್ಕದಲ್ಲಿ ಅದು ಸರಿಯೇ ಇದೆ. ಪ್ಯಾಸೆಂಜರ್ ಲೆಕ್ಕ ಬೇರೆ, ಅದನ್ನು ನೀವು ಹೇಳಿ.

ಅಪ್ಪೆಮಿಡಿ, ಶಿರಸಿ

ಶಿರಸಿಗೆ ರೈಲೇ ಇಲ್ಲ, ಆದರೂ ಬಾಯಿ ಹಾಕುತ್ತೇನೆ. ನಾವು ರೈಲು ಹಿಡಿಯಬೇಕಾದರೆ ತಾಳಗುಪ್ಪಕ್ಕೋ ಹಾವೇರಿಗೋ ಕುಮಟಾಕ್ಕೋ ಇಳಿಯಬೇಕು. ಹಾಗಾಗಿ ಮುಕ್ಕಾಲು ಜನ ರಾತ್ರಿ ಬಸ್ಸೇ. ಆದರೆ ಬಸ್ಸಿನಲ್ಲಿ ಆದದ್ದನ್ನೇ ರೈಲಿನವರು ಕೇಳಿಸಿಕೊಳ್ಳಬೇಕು.

ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ನೆನಪಿದೆಯಾ? 2014ರಲ್ಲಿ ಶುರು ಮಾಡಿದರು. ಉತ್ತರ ಕರ್ನಾಟಕದ ಕಡೆಯ ಬಸ್ಸುಗಳು ಅಲ್ಲಿಂದಲೇ ಹೊರಡಬೇಕು, ಮೆಜೆಸ್ಟಿಕ್‌ನ ದಟ್ಟಣೆ ಕಡಿಮೆ ಆಗುತ್ತದೆ ಅಂತ. ಕಟ್ಟಡ ಚೆನ್ನಾಗಿತ್ತು. ಮೆಟ್ರೋ ಕೂಡ ಅದೇ ವರ್ಷ ಆ ಕಡೆಗೆ ಬಂತು. ಹತ್ತಿರವೇ, ಆದರೆ ಒಳಗಲ್ಲ. ಜನ ಅಲ್ಲಿಗೆ ಹೋಗಲೇ ಇಲ್ಲ. ಸಿಟಿ ಬಸ್ಸಿನಲ್ಲಿ ಸಾಮಾನು ಹೊತ್ತು ಪೀಣ್ಯಕ್ಕೆ ಹೋಗಿ ಅಲ್ಲಿ ಊರ ಬಸ್ಸು ಹಿಡಿಯುವ ಬದಲು ಮೆಜೆಸ್ಟಿಕ್‌ನಲ್ಲೇ ಖಾಸಗಿ ಬಸ್ಸು ಹತ್ತಿದರು. ಕೆಲವೇ ತಿಂಗಳಲ್ಲಿ ಬಸ್ಸುಗಳು ಮೆಜೆಸ್ಟಿಕ್‌ಗೆ ವಾಪಸ್. ಬಸ್ಸಾದ್ದರಿಂದ ವಾಪಸ್ ಬರಲು ಆಯಿತು. ಹಳಿ ಹಾಕಿ ಕಾಂಕ್ರೀಟ್ ಸುರಿದ ಮೇಲೆ ರೈಲು ಎಲ್ಲಿಗೆ ವಾಪಸ್ ಹೋಗುತ್ತದೆ?

ಕುಮಟಾ ಅಕ್ಕೋರು

ಬೆಂಗಳೂರು ಬಿಡಿ, ಮುಂಬೈಗೆ ಹೋಗುವಾಗ ನಾವು ಏನು ಮಾಡುತ್ತೇವೆ ಅಂತ ಯೋಚಿಸಿ. ಮತ್ಸ್ಯಗಂಧಾದ ಟಿಕೆಟ್ ಎಲ್ಲಿಯವರೆಗೆ? ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ. ಇಳಿಯುವುದು ಎಲ್ಲಿ? ನಮ್ಮವರು ಬಹಳಷ್ಟು ಜನ ಪನ್ವೇಲ್‌ನಲ್ಲೋ ಠಾಣೆಯಲ್ಲೋ ಇಳಿದುಬಿಡುತ್ತಾರೆ. ಯಾಕೆ? ಠಾಣೆಯಲ್ಲಿ ಇಳಿದರೆ ಅದೇ ಸ್ಟೇಷನ್ನಿನಲ್ಲಿ ಸೇತುವೆ ಹತ್ತಿ ಇಳಿದರೆ ಲೋಕಲ್. ಟರ್ಮಿನಸ್‌ನಲ್ಲಿ ಇಳಿದರೆ ಹೊರಗೆ ಬಂದು, ರಿಕ್ಷಾದವರ ನಡುವೆ ದಾರಿ ಮಾಡಿಕೊಂಡು, ಕುರ್ಲಾಕ್ಕೋ ತಿಲಕ್‌ನಗರಕ್ಕೋ ನಡೆಯಬೇಕು. ದೊಡ್ಡ ಟರ್ಮಿನಸ್ ಇದೆ, ಪ್ಲಾಟ್‌ಫಾರ್ಮ್ ಉದ್ದ ಇದೆ, ಎಲ್ಲ ಇದೆ. ಜನ ಮಾತ್ರ ಒಂದು ಸ್ಟೇಷನ್ ಮೊದಲೇ ಖಾಲಿ.

ನನ್ನ ತಂಗಿ ಊರಿಂದ ಮುಂಬೈಗೆ ಹೋಗುವಾಗ ಎರಡು ಕಾಯಿ ಚೀಲ, ಒಂದು ಕೋಕಂ ಡಬ್ಬಿ, ಒಂದು ಹಪ್ಪಳದ ಕಟ್ಟು ಇಲ್ಲದೆ ಹೊರಟದ್ದೇ ಇಲ್ಲ. ಅಷ್ಟು ಹೊತ್ತ ಹೆಂಗಸಿಗೆ ನಿಲ್ದಾಣದ ಬಣ್ಣ, ಗಾಜು, ಏಸಿ ಯಾವುದೂ ಕಾಣುವುದಿಲ್ಲ. ಎಷ್ಟು ಮೆಟ್ಟಿಲು ಅಂತ ಮಾತ್ರ ಕಾಣುತ್ತದೆ.

ನಕ್ಷೆ ಹುಚ್ಚ, ಸದ್ಯ ಬೆಂಗಳೂರು, ಊರು ಮಂಕಿ

ಅಕ್ಕೋರು ಹೇಳಿದ್ದೇ ಇಡೀ ವಿಷಯ. ಅದನ್ನೇ ಬೆಂಗಳೂರಿನ ನಕ್ಷೆ ಮೇಲೆ ಇಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಹಾಸನದಿಂದ ಕುಣಿಗಲ್, ನೆಲಮಂಗಲ ಮೇಲೆ ಬರುವ ಲೈನು 2017ರ ಮಾರ್ಚ್‌ನಲ್ಲಿ ತೆರೆಯಿತು. ಪಂಚಗಂಗಾ ಬರುವುದು ಇದರ ಮೇಲೆಯೇ. ಚಿಕ್ಕಬಾಣಾವರದಲ್ಲಿ ಅದು ತುಮಕೂರು ಲೈನಿಗೆ ಸೇರುತ್ತದೆ. ಅಲ್ಲಿಂದ ಯಶವಂತಪುರ. ಯಶವಂತಪುರದಲ್ಲಿ ದಾರಿ ಎರಡು. ಬಲಕ್ಕೆ ಇಳಿದರೆ ಮೆಜೆಸ್ಟಿಕ್. ಎಡಕ್ಕೆ ಹೋದರೆ ಲೊಟ್ಟೆಗೊಲ್ಲಹಳ್ಳಿ, ಹೆಬ್ಬಾಳ, ಬಾಣಸವಾಡಿ, ಬೈಯಪ್ಪನಹಳ್ಳಿ. ಈ ಎಡಗಡೆ ದಾರಿ ಮೇಲೆ ಕಣ್ಣಿಡಿ.

ಉಪನಗರ ರೈಲಿನ ನಾಲ್ಕು ಮಾರ್ಗ ಸೇರಿ 148 ಕಿ.ಮೀ. ಅದರಲ್ಲಿ ಮಲ್ಲಿಗೆ ಮಾರ್ಗ 25 ಕಿ.ಮೀ., ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ. ಅಂದರೆ ಸರಿಯಾಗಿ ನಮ್ಮ ಗಾಡಿಯ ದಾರಿಯ ಪಕ್ಕದಲ್ಲೇ. 2022ರ ಜೂನ್ 20ಕ್ಕೆ ಶಂಕುಸ್ಥಾಪನೆ ಆದಾಗ 40 ತಿಂಗಳು ಅಂದಿದ್ದರು. ಆ 40 ತಿಂಗಳು ಮುಗಿದು ಹೋಗಿದೆ, ಕೆಲಸ ಮುಗಿದಿಲ್ಲ. ಇರಲಿ, ಮುಂದೆ ಒಂದು ದಿನ ಆಗುತ್ತದೆ ಅಂತ ಇಟ್ಟುಕೊಳ್ಳೋಣ.

ಇನ್ನು ಹೆಬ್ಬಾಳ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮೆಟ್ರೋ ಅಲ್ಲಿ ಹಾದುಹೋಗುತ್ತದೆ. ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಹೋಗುವ ಕಿತ್ತಳೆ ಮಾರ್ಗ, 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೂರನೇ ಹಂತದ್ದು, ಅದೂ ಅಲ್ಲೇ. ಸರ್ಜಾಪುರದಿಂದ ಬರುವ ಕೆಂಪು ಮಾರ್ಗದ ಯೋಜನೆಯೂ ಹೆಬ್ಬಾಳಕ್ಕೇ ಬಂದು ಮುಟ್ಟುತ್ತದೆ. ಮಲ್ಲಿಗೆ ಉಪನಗರ ರೈಲು ಅಲ್ಲೇ. ಹೊರ ವರ್ತುಲ ರಸ್ತೆ, ಬಳ್ಳಾರಿ ರಸ್ತೆ ಅಲ್ಲೇ. ಈಗಿನ ರೈಲು ಹಳಿಯೂ ಅಲ್ಲೇ! ಮೆಟ್ರೋದವರು ಅಲ್ಲಿ ಎಲ್ಲ ಸೇರಿಸುವ ಹಬ್ ಕಟ್ಟಲು 45 ಎಕರೆ ಕೇಳಿದ್ದರು, ಆ ಜಾಗದ ಜಗ್ಗಾಟ ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೀರಿ.

ಆದರೆ ಈ ಚರ್ಚೆಯಲ್ಲೆಲ್ಲ ಹೆಬ್ಬಾಳ ಅಂದರೆ ಮೆಟ್ರೋ ಮತ್ತು ಉಪನಗರ ರೈಲು ಅಷ್ಟೇ. ದೂರದ ಗಾಡಿ ಅಲ್ಲಿ ನಿಲ್ಲುವ ಮಾತನ್ನು ಗಟ್ಟಿಯಾಗಿ ಯಾರೂ ಎತ್ತುವುದಿಲ್ಲ. ಈಗಿನ ಹೆಬ್ಬಾಳ ಸ್ಟೇಷನ್ ಸಣ್ಣದು. ಜಾಗ ಇರುವಾಗಲೇ ಎರಡು ಉದ್ದದ ಪ್ಲಾಟ್‌ಫಾರ್ಮಿಗೆ ಗೆರೆ ಎಳೆದು ಇಡದಿದ್ದರೆ ಆಮೇಲೆ ಮೆಟ್ರೋ ಕಂಬ ಎದ್ದು ನಿಲ್ಲುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಹಾಗಾಗಿ ನನ್ನ ಪ್ರಕಾರ ಅರ್ಜಿಯ ಮೊದಲ ಸಾಲು ಇದಾಗಬೇಕು: ಮೆಜೆಸ್ಟಿಕ್‌ಗೆ ಹೋಗಲಾಗದ ಕರಾವಳಿ ಗಾಡಿ ಯಶವಂತಪುರದಲ್ಲಿ ನಿಲ್ಲಲಿ, ಹೆಬ್ಬಾಳದಲ್ಲಿ ನಿಲ್ಲಲಿ, ಬೈಯಪ್ಪನಹಳ್ಳಿಯಲ್ಲಿ ಮುಗಿಯಲಿ. ಪಿಟ್ ಲೈನು ಇರುವಲ್ಲಿ ಗಾಡಿ ಮುಗಿಯುತ್ತದೆ, ಜನಕ್ಕೆ ಬೇಕಾದಲ್ಲಿ ಜನ ಇಳಿಯುತ್ತಾರೆ.

ಭಟ್ಕಳ ಮಲ್ಲಿಗೆ

ಹೆಬ್ಬಾಳದಲ್ಲಿ ಇಳಿದು ನೇರ ವಿಮಾನ ನಿಲ್ದಾಣಕ್ಕೆ ಮೆಟ್ರೋ ಸಿಗುವುದಾದರೆ ಭಟ್ಕಳದಲ್ಲಿ ನಿಮಗೆ ಎಷ್ಟು ಸಹಿ ಬೇಕು ಹೇಳಿ. ಗಲ್ಫ್‌ಗೆ ಹೋಗುವವರು ಮನೆಗೊಬ್ಬರು ಇದ್ದಾರೆ ಇಲ್ಲಿ. ಮಂಗಳೂರಿಂದ ಟಿಕೆಟ್ ದುಬಾರಿಯಾದಾಗ ಬೆಂಗಳೂರಿಗೆ ಹೋಗಿ ಅಲ್ಲಿಂದ ಟ್ಯಾಕ್ಸಿ. ಅರ್ಧ ದುಡ್ಡು ಆ ಟ್ಯಾಕ್ಸಿಗೇ.

ಅಂಕೋಲಾ ಕರಿ ಈಶಾಡ

ಎಲ್ಲರೂ ಬೆಂಗಳೂರಿನ ಮೆಟ್ರೋ ಬಣ್ಣ ಎಣಿಸುತ್ತಾ ಕೂತಿದ್ದೀರಿ. ಇಲ್ಲಿ ನಮ್ಮ ಮನೆ ಮುಂದೆ ಇನ್ನೂ ಒಂದೇ ಹಳಿ. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದು 1998ರ ಜನವರಿ 26ಕ್ಕೆ. ರೋಹಾದಿಂದ ತೋಕೂರಿಗೆ 741 ಕಿ.ಮೀ. ಅದರಲ್ಲಿ ಜೋಡಿ ಹಳಿ ಆಗಿದ್ದು ಅತ್ತ ರೋಹಾದಿಂದ ವೀರ್‌ವರೆಗೆ. ಇತ್ತ ಎದುರು ಗಾಡಿ ಬಂತು ಅಂದರೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆ ನಿಂತು ಸೊಳ್ಳೆ ಹೊಡೆಯುತ್ತಾ ಕೂರಬೇಕು. ಬೆಂಗಳೂರಿನಲ್ಲಿ ಚಿನ್ನದ ಸ್ಟೇಷನ್ ಕಟ್ಟಿದರೂ ಇಲ್ಲಿ ದಾರಿ ಇಲ್ಲದಿದ್ದರೆ ಹೊಸ ಗಾಡಿ ಎಲ್ಲಿಂದ ಬರುತ್ತದೆ?

ಮತ್ತೆ ಹುಬ್ಬಳ್ಳಿ-ಅಂಕೋಲಾ. ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರಾದ ಲೈನು. ಕಾಡು, ಕೋರ್ಟು, ಸಮಿತಿ, ಮತ್ತೆ ಕೋರ್ಟು. ನಮ್ಮ ಹುಡುಗರಿಗೆ ಮದುವೆಯಾಗಿ ಮಕ್ಕಳಾದವು. ಮೊದಲು ಅದನ್ನು ಕೇಳಿ.

ಅಪ್ಪೆಮಿಡಿ, ಶಿರಸಿ

ಈಶಾಡ ಅಣ್ಣಾ, ಆ ಲೈನಿನ ಬಗ್ಗೆ ಘಟ್ಟದ ಮೇಲಿನ ನಮ್ಮಲ್ಲೇ ಎರಡು ಮಾತಿದೆ. ಕಾಡು ಹೋಗುತ್ತದೆ ಅನ್ನುವವರೂ ನಾವೇ, ರೈಲು ಬೇಕು ಅನ್ನುವವರೂ ನಾವೇ. ಇಲ್ಲಿ ಶುರು ಮಾಡಿದರೆ ನಾಳೆ ಬೆಳಿಗ್ಗೆವರೆಗೂ ಮುಗಿಯುವುದಿಲ್ಲ.

ಹಳೇ ಗಾರ್ಡ್, ಹೊನ್ನಾವರ

ಒಂದೇ ಹಳಿ ಅನ್ನುವ ಮಾತು ನಿಜ. ಆದರೆ ಎರಡೂ ಕಡೆ ಕಟ್ಟು ಬಿಚ್ಚಬೇಕು, ಒಂದು ಕಡೆ ಬಿಚ್ಚಿದರೆ ಸಾಲದು. ಒಂದು ಹಳೇ ಸಂಗತಿ ಹೇಳುತ್ತೇನೆ, ಇದು ನಕ್ಷೆಯವರ ಮಾತಿಗೆ ಸಾಕ್ಷಿ.

ಮೊದಲು ಬೆಂಗಳೂರು-ಕಾರವಾರ ಗಾಡಿ ಅಂದರೆ ಅರ್ಧ ಗಾಡಿ. ಬೆಂಗಳೂರಿಂದ ಕಣ್ಣೂರು-ಕಾರವಾರ ಅಂತ ಒಂದೇ ರೇಕು ಹೊರಡುತ್ತಿತ್ತು. ಮಂಗಳೂರು ಸೆಂಟ್ರಲ್‌ಗೆ ಬಂದ ಮೇಲೆ ಅದನ್ನು ತುಂಡು ಮಾಡಿ ಒಂದು ತುಂಡು ಕಣ್ಣೂರಿಗೆ, ಇನ್ನೊಂದು ನಮಗೆ. ಸೆಂಟ್ರಲ್ ಕೊನೆಯ ನಿಲ್ದಾಣ. ಮುಂದೆ ಹಳಿ ಇಲ್ಲ. ಬಂದ ಮುಖ ತಿರುಗಿಸಿ ವಾಪಸ್ ಹೊರಡಬೇಕು. ಎಂಜಿನ್ ಈ ತುದಿಯಿಂದ ಬಿಚ್ಚಿ ಆ ತುದಿಗೆ ಹಚ್ಚಬೇಕು, ಬ್ರೇಕ್ ಪರೀಕ್ಷೆ ಮತ್ತೆ ಮಾಡಬೇಕು. ಬೆಳಿಗ್ಗೆ ಮಂಗಳೂರು ಮುಟ್ಟಿದರೂ ಕಾರವಾರದವರು ಅಲ್ಲೇ ಕೂತು ತಿಂಡಿ ತಿಂದು ಪೇಪರ್ ಓದಿ ಮುಗಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಸೆಂಟ್ರಲ್‌ಗೆ ಹೋಗದೆ ಪಡೀಲ್ ಮೇಲೆ ನೇರ ಗಾಡಿ ಬಿಟ್ಟಾಗ ಆ ಸುತ್ತು ತಪ್ಪಿತು. ಮಂಗಳೂರಿನವರಿಗೆ ಸಿಟ್ಟು ಬಂತು, ಅದು ಅವರ ಮಟ್ಟಿಗೆ ಸಹಜ. ಆದರೆ ಕರಾವಳಿಯ ಉತ್ತರದ ಜನಕ್ಕೆ ಬೆಂಗಳೂರು ಹತ್ತಿರವಾದದ್ದು ಆವಾಗಲೇ. ಗಾಡಿಯ ವೇಗ ಅಷ್ಟೇ ಇತ್ತು. ತಿರುಗುವುದು ತಪ್ಪಿತು, ಅಷ್ಟೇ.

ಇನ್ನು ನಕ್ಷೆಯವರಿಗೆ ಒಂದು ಎಚ್ಚರಿಕೆ. ಯಶವಂತಪುರ, ಹೆಬ್ಬಾಳ ಅಂತ ನಿಲುಗಡೆ ಕೇಳುವುದು ಸುಲಭ. ದೊಡ್ಡ ಗಾಡಿಯನ್ನು ಒಂದು ಸಲ ನಿಲ್ಲಿಸಿ ಮತ್ತೆ ವೇಗಕ್ಕೆ ತರಲು ನಿಲ್ಲುವ ಎರಡು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಆ ಹೊತ್ತಲ್ಲಿ ಹಿಂದೆ ಇನ್ನೊಂದು ಗಾಡಿ ಕಾಯುತ್ತಿರುತ್ತದೆ. ಹಾಗಾಗಿ ಮೇನ್ ಲೈನಿನ ಮೇಲೆಯೇ ಪ್ಲಾಟ್‌ಫಾರ್ಮ್ ಅಲ್ಲ, ಲೂಪ್ ಲೈನಿನ ಮೇಲೆ, ಅಂದರೆ ಪಕ್ಕಕ್ಕೆ ಕವಲೊಡೆದು ಮತ್ತೆ ಸೇರುವ ಹಳಿಯ ಮೇಲೆ ಕೇಳಿ. ಹಿಂದಿನ ಗಾಡಿ ದಾಟಿ ಹೋಗಲಿ. ಅದಕ್ಕೆ ಜಾಗ ಇನ್ನೂ ಜಾಸ್ತಿ ಬೇಕು, ಅದೂ ಬರೆಯಿರಿ.

ನಕ್ಷೆ ಹುಚ್ಚ

ಗಾರ್ಡ್ ಸಾಹೇಬ್ರೆ, ಲೂಪ್ ಲೈನು ಖಂಡಿತ ಸೇರಿಸೋಣ.

ಇನ್ನೊಂದು ಅಳತೆ ಯಾರೂ ಹೇಳುವುದಿಲ್ಲ. ಈಗಿನ ಹೊಸ ಮಾದರಿಯ, ಎಲ್‌ಎಚ್‌ಬಿ ಅನ್ನುವ ಬೋಗಿ ಒಂದು ಸುಮಾರು 24 ಮೀಟರ್ ಉದ್ದ. 22 ಬೋಗಿಯ ಗಾಡಿ ಅಂದರೆ ಅರ್ಧ ಕಿ.ಮೀ.ಗಿಂತ ಜಾಸ್ತಿ. ಮೇಲ್ಸೇತುವೆ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಇಳಿದರೆ ಕೊನೆ ಬೋಗಿಯಲ್ಲಿದ್ದವನು ಮೊದಲು ಅರ್ಧ ಕಿ.ಮೀ. ನಡೆದು, ಆಮೇಲೆ ಹತ್ತಿ, ಆಮೇಲೆ ಮೆಟ್ರೋ ಕಡೆಗೆ ನಡೆಯಬೇಕು. ನಕ್ಷೆಯಲ್ಲಿ ಇಲ್ಲಿಂದ ಅಲ್ಲಿಗೆ 200 ಮೀಟರ್ ಅಂತ ತೋರಿಸುತ್ತಾರಲ್ಲ, ಅದು ಕಟ್ಟಡದಿಂದ ಕಟ್ಟಡಕ್ಕೆ. ಬೋಗಿ ಬಾಗಿಲಿನಿಂದ ಅಳೆಯುವುದಿಲ್ಲ. ಸೇತುವೆ ನಡುವಲ್ಲಿ ಒಂದು, ತುದಿಗೆ ಒಂದು ಇದ್ದರೆ ನಡಿಗೆ ಅರ್ಧಕ್ಕೆ ಇಳಿಯುತ್ತದೆ. ಇದು ಕೋಟಿಗಟ್ಟಲೆ ದುಡ್ಡಿನ ಪ್ರಶ್ನೆ ಅಲ್ಲ. ಪೆನ್ಸಿಲ್ ಹಿಡಿದ ಹೊತ್ತಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕು, ಅಷ್ಟೇ.

ಬೈಯಪ್ಪನಹಳ್ಳಿಯೂ ಹೀಗೆಯೇ. ಅಲ್ಲಿ ಮೆಟ್ರೋ 2011ರಿಂದ ಇದೆ. ಬೆಂಗಳೂರಿಗೆ ಮೊದಲು ಮೆಟ್ರೋ ಬಂದಿದ್ದೇ ಅಲ್ಲಿಂದ. ಟರ್ಮಿನಲ್ ಅದರ ನಂತರ ಬಂತು. ಆದರೂ ಎರಡರ ನಡುವೆ ಒಂದು ಕಿ.ಮೀ.ಗಿಂತ ಜಾಸ್ತಿ ದೂರ, ನೇರ ನಡೆದು ಹೋಗುವ ಹಾಗೆ ಜೋಡಿಸಿಲ್ಲ. ಹಳೆಯ ಸಣ್ಣ ಬೈಯಪ್ಪನಹಳ್ಳಿ ಸ್ಟೇಷನ್ ಮಾತ್ರ ಮೆಟ್ರೋ ಮಗ್ಗುಲಲ್ಲೇ ಇದೆ. ಅಲ್ಲಿ ದೂರದ ಗಾಡಿ ಮುಗಿಯುವುದಿಲ್ಲ!

ಕುಮಟಾ ಅಕ್ಕೋರು

ಮುರ್ಡೇಶ್ವರದ ಗಾಡಿ ಬೈಯಪ್ಪನಹಳ್ಳಿಯಿಂದ ಹೊರಟರೂ ಮೈಸೂರಿಗೆ ಹೋಗಲು ಮೆಜೆಸ್ಟಿಕ್ ಹಾದೇ ಬರಬೇಕಲ್ಲ. ನಾವು ಮೆಜೆಸ್ಟಿಕ್‌ನಲ್ಲೇ ಹತ್ತುತ್ತೇವೆ. ಗಾಡಿ ಎಲ್ಲಿಂದ ಹೊರಟಿತು ಅಂತ ಕೇಳಿದವರು ಯಾರಿದ್ದಾರೆ? ನಕ್ಷೆ ತಮ್ಮ ಹೇಳುವುದು ಇದನ್ನೇ, ಇನ್ನೊಂದು ದಿಕ್ಕಿನಲ್ಲಿ.

ಬಂದರು ರಸ್ತೆ, ಕಾರವಾರ

ನನ್ನ ಅಣ್ಣನ ಮಗ ಲಂಡನ್ನಿನಲ್ಲಿದ್ದಾನೆ. ಅಲ್ಲಿ ಊರ ಪಶ್ಚಿಮಕ್ಕೆ ಓಲ್ಡ್ ಓಕ್ ಕಾಮನ್ ಅಂತ ಭಾರಿ ಸ್ಟೇಷನ್ ಕಟ್ಟುತ್ತಿದ್ದಾರೆ. ಹೈಸ್ಪೀಡ್ ಗಾಡಿಗೆ ನೆಲದಡಿ 6 ಪ್ಲಾಟ್‌ಫಾರ್ಮ್, ಮೇಲೆ ಮಾಮೂಲಿ ಗಾಡಿಗೆ 8. ಬರ್ಮಿಂಗ್‌ಹ್ಯಾಮ್‌ನಿಂದ ಬರುವ ಗಾಡಿ ಊರ ನಡುವಿನ ಯೂಸ್ಟನ್‌ಗೆ ಹೋಗಬೇಕು, ಆದರೆ ಆ ಕೆಲಸ ಹಿಂದೆ ಬಿದ್ದಿದೆ. ಅದು ಆಗುವವರೆಗೆ ಎಲ್ಲರೂ ಇಲ್ಲೇ ಇಳಿದು ಊರೊಳಗೆ ಹೋಗುವ ಎಲಿಜಬೆತ್ ಲೈನಿನ ಗಾಡಿ ಹತ್ತಬೇಕು.

ಅಲ್ಲಿಯ ತಮಾಷೆ ಕೇಳಿ. ಅದೇ ಜಾಗದ ಪಕ್ಕದಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇನ್ನೆರಡು ಲೋಕಲ್ ಮಾರ್ಗ ಹಾದುಹೋಗುತ್ತವೆ. ಅವುಗಳ ಮೇಲೆ ಸ್ಟೇಷನ್ ಕಟ್ಟಿ ಜೋಡಿಸುವ ಯೋಜನೆ ಇತ್ತು, ದುಡ್ಡು ಇಡಲಿಲ್ಲ. ಲೋಕಲ್ ಗಾಡಿ ಪಕ್ಕದಲ್ಲೇ ಹೋಗುತ್ತದೆ, ನಿಲ್ಲುವುದಿಲ್ಲ. ಅಷ್ಟು ದುಡ್ಡಿನ ದೇಶದಲ್ಲೂ ಹೀಗೆ. ಹಾಗಾಗಿ ನಮ್ಮವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ದೊಡ್ಡದಕ್ಕೆ ದುಡ್ಡು ಸಿಗುತ್ತದೆ, ಜೋಡಿಸುವುದಕ್ಕೆ ಸಿಗುವುದಿಲ್ಲ.

ಶಿರವಾಡ ಪ್ಯಾಸೆಂಜರ್, ಕಾರವಾರ

ದೆಹಲಿಯಲ್ಲಿ ಸರಾಯ್ ಕಾಲೇ ಖಾನ್ ಹತ್ತಿರ ಮಾಡಿದ್ದನ್ನು ಇಲ್ಲಿ ತೋರಿಸಬಹುದು. ನಿಜಾಮುದ್ದೀನ್ ರೈಲು ನಿಲ್ದಾಣ, ಪಿಂಕ್ ಲೈನ್ ಮೆಟ್ರೋ, ಅಂತರರಾಜ್ಯ ಬಸ್ ನಿಲ್ದಾಣ, ನಮೋ ಭಾರತ್ ರೈಲು, ನಾಲ್ಕೂ ಹತ್ತಿರ ಹತ್ತಿರ. ನಮೋ ಭಾರತ್ ಸ್ಟೇಷನ್ನಿನಿಂದ ರೈಲು ನಿಲ್ದಾಣಕ್ಕೆ ಮೇಲ್ಸೇತುವೆ, ಅದರ ಮೇಲೆ ಸಾಮಾನು ಹಿಡಿದು ನಿಂತರೆ ಸಾಗುವ ಪಟ್ಟಿ. ಮಾಡಿದರೆ ನಮ್ಮಲ್ಲೂ ಆಗುತ್ತದೆ ಅನ್ನುವುದಕ್ಕೆ ಇದು ಸಾಕು.

ಮಾಜಿ ಮುಂಬೈಕರ್, ಮಾಜಾಳಿ

ಮೇಲ್ಸೇತುವೆ ಅಂತ ಎಲ್ಲರೂ ಸಲೀಸಾಗಿ ಬರೆಯುತ್ತಿದ್ದೀರಿ. ಅಗಲ ಬರೆಯಿರಿ. ಮುಂಬೈಯ ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ಮತ್ತು ಪರೇಲ್ ಬೇರೆ ಬೇರೆ ಲೈನಿನ ಎರಡು ಸ್ಟೇಷನ್, ನಡುವೆ ಸೇತುವೆ. ಇದೂ ಇಂಟರ್‌ಚೇಂಜೇ. ಗಿರಣಿ ಕಾಲದ ಸೇತುವೆ, ಗಿರಣಿ ಹೋಗಿ ಆಫೀಸು ಬಂದವು, ಜನ ಹೆಚ್ಚಿದರು, ಮೆಟ್ಟಿಲು ಅಷ್ಟೇ ಇತ್ತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆ ಬಂತು. ಇಳಿದವರು ಮಳೆ ನಿಲ್ಲಲಿ ಅಂತ ಮೆಟ್ಟಿಲ ಮೇಲೆಯೇ ನಿಂತರು. ಹಿಂದಿನಿಂದ ಗಾಡಿ ಮೇಲೆ ಗಾಡಿ ಬಂದು ಜನ ಸುರಿಯುತ್ತಲೇ ಇದ್ದರು. ಕಾಲ್ತುಳಿತದಲ್ಲಿ 23 ಜನ ಹೋದರು. ನಾನು ಆವಾಗ ಲೋವರ್ ಪರೇಲ್‌ನಲ್ಲಿ ಕೆಲಸ ಮಾಡುತ್ತಿದ್ದೆ, ಆ ಮೆಟ್ಟಿಲು ನನಗೆ ಗೊತ್ತು. ಇಬ್ಬರು ಹತ್ತುವಾಗ ಇಬ್ಬರು ಇಳಿಯುವುದೇ ಕಷ್ಟ.

ಹೆಬ್ಬಾಳದಲ್ಲಿ ಎರಡು ಮೂರು ಮೆಟ್ರೋ, ಒಂದು ಉಪನಗರ ರೈಲು, ಮೇಲಿಂದ ದೂರದ ಗಾಡಿ. ಒಂದೇ ಹೊತ್ತಿಗೆ ಎರಡು ಬಂದರೆ ಎಷ್ಟು ಜನ ಅಂತ ಲೆಕ್ಕ ಹಾಕಿ ಮೆಟ್ಟಿಲು ಕಟ್ಟಬೇಕು. ಮಳೆ ಬಂದರೆ ಜನ ಎಲ್ಲಿ ನಿಲ್ಲುತ್ತಾರೆ ಅಂತಲೂ ನೋಡಬೇಕು. ನಮ್ಮ ಕಡೆಯವರಿಗೆ ಮಳೆ ಮರೆತರೆ ಹೇಗೆ?

ಭಟ್ಕಳ ಮಲ್ಲಿಗೆ

ಇನ್ನೊಂದು. ರಾತ್ರಿ ಗಾಡಿ ಬೆಳಿಗ್ಗೆ ಮುಟ್ಟುತ್ತದೆ. ಭಾನುವಾರ ಮೆಟ್ರೋ ತಡವಾಗಿ ಶುರು. ಒಬ್ಬಳೇ ಇಳಿದ ಹುಡುಗಿ ಆ ಹೊತ್ತಲ್ಲಿ ಎಲ್ಲಿ ಕೂರಬೇಕು? ಸ್ವಚ್ಛ ಇರುವ ಹೆಂಗಸರ ವೇಟಿಂಗ್ ರೂಮು, ಬೆಳಕು, ಒಂದು ಚಹಾ ಅಂಗಡಿ, ಇಷ್ಟು. ಬೆಂಗಳೂರಿನ ಒಂದು ಸ್ಟೇಷನ್ನಿನಲ್ಲಿ ವೇಟಿಂಗ್ ರೂಮಿಗೆ ಬೀಗ ಹಾಕಿ ಕೀಲಿ ಯಾರ ಹತ್ತಿರ ಅಂತ ಗೊತ್ತಿಲ್ಲದೆ ನಾನೂ ಅಮ್ಮನೂ ಟಿಕೆಟ್ ಕಿಟಕಿ ಕೆಳಗೆ ಪೇಪರ್ ಹಾಸಿ ಕೂತಿದ್ದೆವು. ಯಾವ ಸ್ಟೇಷನ್ ಅಂತ ಹೇಳಲ್ಲ, ಸುಮ್ನೆ ಜಗಳ ಬೇಡ.

ಮತ್ತೆ ಮೆಟ್ರೋ ಬಾಗಿಲಲ್ಲಿ ಆ ಸ್ಕ್ಯಾನರ್. ಊರ ಗಾಡಿ ಬಂದ ಹೊತ್ತಿಗೆ ಇರುವ ಒಂದು ಬೆಲ್ಟಿನ ಮುಂದೆ ಹಲಸಿನಕಾಯಿ, ಚೀಲ, ಟ್ರಂಕು ಎಲ್ಲ ಸಾಲು. ಆಫೀಸಿಗೆ ಹೋಗುವವರು ಹಿಂದಿನಿಂದ ಹಲ್ಲು ಕಡಿಯುತ್ತಾರೆ. ಒಣಮೀನಿನ ಕಟ್ಟು ಇದ್ದರಂತೂ ಕೇಳಬೇಡಿ. ರೈಲು ಕಡೆಯಿಂದ ಬರುವವರಿಗೆ ಬೇರೆ ಬಾಗಿಲು, ಅಗಲದ ಬೆಲ್ಟು ಇಡಬೇಕು.

ಅಂಕೋಲಾ ಕರಿ ಈಶಾಡ

ದೇವನಹಳ್ಳಿಯ ವಿಷಯ ಯಾರೂ ಮುಟ್ಟಲಿಲ್ಲ. ಸರ್ಕ್ಯುಲರ್ ರೈಲಿನ ನಕ್ಷೆಯಲ್ಲಿ ಸೋಲೂರು ಇದೆ. ಸೋಲೂರು ನಮ್ಮ ಹಾಸನ ಲೈನಿನ ಮೇಲೇ ಇದೆ. ಅಲ್ಲಿಂದ ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ. ಅಂದರೆ ನಮ್ಮ ಗಾಡಿಯನ್ನು ಸೋಲೂರಿನಲ್ಲೇ ತಿರುಗಿಸಿ ಊರ ಹೊರಗಿಂದಲೇ ದೇವನಹಳ್ಳಿಗೆ ಕಳಿಸಿ, ತಗೊಳ್ಳಿ ಬೆಂಗಳೂರು ಬಂತು ಅನ್ನಬಹುದು.

ಹಳೇ ಗಾರ್ಡ್, ಹೊನ್ನಾವರ

ಹಾಗೆ ಮಾಡುತ್ತಾರೆ ಅಂತ ಯಾರೂ ಹೇಳಿಲ್ಲ. ಆದರೆ ಆಗದು ಅಂತಲೂ ಅಲ್ಲ. ಸರಕು ಗಾಡಿ ಆ ಸುತ್ತು ಹಾಕಲಿ, ಊರೊಳಗಿನ ಹಳಿ ನಮಗೆ ಖಾಲಿಯಾಗುತ್ತದೆ. ಉತ್ತರ ಭಾರತದಿಂದ ತಮಿಳುನಾಡಿಗೆ ಹಾದುಹೋಗುವ ಗಾಡಿಯೂ ಹೊರಗಿಂದ ಹೋಗಲಿ. ಬೆಂಗಳೂರಿಗೇ ಬರುವ ಪ್ಯಾಸೆಂಜರ್ ಗಾಡಿ ಊರೊಳಗೆ ಬರಬೇಕು. ದೇವನಹಳ್ಳಿಯಲ್ಲಿ ರೇಕು ತೊಳೆಯಲಿ, ನಿಲ್ಲಿಸಲಿ, ಜನರನ್ನು ಇಳಿಸುವುದು ಬೇಡ. ಟರ್ಮಿನಲ್ ದೂರ ಇರುವುದು ತಪ್ಪಲ್ಲ. ಗಾಡಿ ಊರೊಳಗೆ ನಿಲ್ಲದೆ ಅಲ್ಲಿಗೆ ಹೋಗುವುದು ತಪ್ಪು.

ಶಿರವಾಡ ಪ್ಯಾಸೆಂಜರ್, ಕಾರವಾರ

ಸರಿ, ಕರಡು ಹೀಗೆ ಮಾಡಿದ್ದೇನೆ. ಪಂಚಗಂಗಾ ಮೆಜೆಸ್ಟಿಕ್ ಬಿಟ್ಟು ಕದಲಬಾರದು. ಅಲ್ಲಿ ನೇರಳೆ, ಹಸಿರು ಎರಡೂ ಮೆಟ್ರೋ ಸೇರುತ್ತವೆ, ಎದುರಿಗೇ ಬಸ್ ನಿಲ್ದಾಣ, ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಯಶವಂತಪುರದಿಂದ ಹೊರಡುವ ಗಾಡಿ ಮತ್ತು ಮುಂದೆ ಬರುವ ಹೊಸ ಗಾಡಿಗಳು ಹೆಬ್ಬಾಳದ ಮೇಲೆ ಬೈಯಪ್ಪನಹಳ್ಳಿಗೆ ಹೋಗಲಿ. ಹೆಬ್ಬಾಳದ ಹಬ್‌ನಲ್ಲಿ ದೂರದ ಗಾಡಿಗೆ ಲೂಪ್ ಲೈನಿನ ಮೇಲೆ ಎರಡು ಉದ್ದದ ಪ್ಲಾಟ್‌ಫಾರ್ಮಿಗೆ ಈಗಲೇ ಜಾಗ ಕಾಯ್ದಿರಿಸಬೇಕು. ಸೇತುವೆ ಎರಡು, ಒಂದು ನಡುವಲ್ಲಿ. ಮಾಜಾಳಿಯವರ ಮೆಟ್ಟಿಲ ಅಗಲ, ಮಳೆಗೆ ಮಾಡು. ಮಲ್ಲಿಗೆಯವರ ವೇಟಿಂಗ್ ರೂಮು ಮತ್ತು ಬೆಲ್ಟು. ನಡಿಗೆ ದೂರವನ್ನು ಬೋಗಿ ಬಾಗಿಲಿಂದ ಅಳೆಯಬೇಕು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಕಳಿಸುವುದು ಯಾರಿಗೆ ಅನ್ನುವುದೇ ಒಂದು ತಲೆನೋವು. ನಾವು ಹತ್ತುವ ಸ್ಟೇಷನ್ ಕೊಂಕಣ ರೈಲ್ವೆಯದು, ಕಚೇರಿ ಬೇಲಾಪುರ. ಇಳಿಯುವ ಸ್ಟೇಷನ್ ನೈಋತ್ಯ ರೈಲ್ವೆಯದು, ಕಚೇರಿ ಹುಬ್ಬಳ್ಳಿ. ಉಪನಗರ ರೈಲು ಕೆ-ರೈಡ್ ಅನ್ನುವ ಕಂಪನಿಯದು, ಮೆಟ್ರೋ ಅದರ ನಿಗಮದ್ದು. ನಾಲ್ಕೂ ಕಡೆ ಒಂದೇ ಪ್ರತಿ, ಸಂಸದರಿಗೆ ಒಂದು. ಕೊಂಕಣ ರೈಲ್ವೆಯಲ್ಲಿ ಶುರುವಿನಲ್ಲೇ ಕರ್ನಾಟಕದ ಪಾಲು 15% ಇತ್ತು, ಅದನ್ನೂ ಒಂದು ಸಾಲು ನೆನಪಿಸಿದ್ದೇನೆ.

ಕುಮಟಾ ಅಕ್ಕೋರು

ಲಿಫ್ಟ್ ಬಗ್ಗೆ ಬರೆದಿಲ್ಲ ನೀನು ತಮಾ. ಈ ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋಗುವವರು ಅಂತ ನಿನಗೆ ಗೊತ್ತು. ನಿಮ್ಹಾನ್ಸ್, ಕಿದ್ವಾಯಿ ಅಂತ ಫೈಲು ಹಿಡಿದು ಹೊರಟವರು ಪ್ರತಿ ಗಾಡಿಯಲ್ಲೂ ಇರುತ್ತಾರೆ. ದೊಡ್ಡಾಸ್ಪತ್ರೆ ಕೊಡಿ ಅಂತ ಜಿಲ್ಲೆಯವರು ಕೂಗಿ ಕೂಗಿ ಗಂಟಲು ಒಣಗಿದೆ. ಲಿಫ್ಟ್ ಅಂದರೆ ನಾಲ್ಕು ಜನ ನಿಲ್ಲುವ ಡಬ್ಬಿ ಅಲ್ಲ, ಸ್ಟ್ರೆಚರ್ ಉದ್ದಕ್ಕೆ ಹಿಡಿಯಬೇಕು. ಪ್ರತಿ ಪ್ಲಾಟ್‌ಫಾರ್ಮಿಗೂ ಒಂದು. ಜೊತೆಗೆ ಇಳಿಜಾರು ದಾರಿ, ಲಿಫ್ಟ್ ಕೆಟ್ಟ ದಿನಕ್ಕೆ.

ಹಳೇ ಗಾರ್ಡ್, ಹೊನ್ನಾವರ

ಅದನ್ನು ಎರಡನೇ ಬೇಡಿಕೆ ಮಾಡಿ. ಲೂಪ್ ಲೈನು ಆದಮೇಲೆ ಅದೇ. ಬಣ್ಣದ ಚಿತ್ರ ಅಂಟಿಸಬೇಡಿ, ಒಂದು ಕೈನಕ್ಷೆ ಸಾಕು. ಹಳಿಯ ಗೆರೆ ನಾನು ಎಳೆದು ಕೊಡುತ್ತೇನೆ.

ಅಂಕೋಲಾ ಕರಿ ಈಶಾಡ

ಸಹಿ ಹಾಕುತ್ತೇನೆ. ಕೊನೆಯಲ್ಲಿ ಹುಬ್ಬಳ್ಳಿ-ಅಂಕೋಲಾ ಮತ್ತು ಜೋಡಿ ಹಳಿ ಅಂತ ಎರಡು ಸಾಲು ಸೇರಿಸಿ.

ಶಿರವಾಡ ಪ್ಯಾಸೆಂಜರ್, ಕಾರವಾರ

ಸೇರಿಸಲ್ಲ ಅಣ್ಣಾ. ಒಂದೇ ಅರ್ಜಿಯಲ್ಲಿ ಹತ್ತು ಕೇಳಿದರೆ ಹತ್ತನ್ನೂ ಓದುವುದಿಲ್ಲ. ಜೋಡಿ ಹಳಿಗೆ ನೀವೇ ಬೇರೆ ಬರೆಯಿರಿ, ಮೊದಲ ಸಹಿ ನನ್ನದು. ಹುಬ್ಬಳ್ಳಿ-ಅಂಕೋಲಾ ಬಗ್ಗೆ ಮೊದಲು ಅಪ್ಪೆಮಿಡಿಯವರ ಜೊತೆ ಮಾತಾಡಿ ಮುಗಿಸಿಕೊಂಡು ಬನ್ನಿ.